ಸಿ ಕೋಡನ್ನ ಬ್ರೌಸರ್ ಒಳಗೆ ಓಡ್ಸೋದು, ಕೆಟ್ಟಾಗ ಹಿಡಿಯೋದು

ಟರ್ಮಿನಲ್‌ನಲ್ಲಿ ವರ್ಷಗಟ್ಲೆ ನೆಟ್ಟಗೆ ಓಡ್ತಿದ್ದ ನನ್ನ ಒಂದು ಸಿ ಪ್ರೋಗ್ರಾಂ ಇತ್ತು, ಚಿತ್ರಗಳ ಒಂದು ಫೈಲ್ ಓದಿ ಸಾಲಾಗಿ ತೋರ್ಸೋದು ಅಷ್ಟೇ ಅದರ ಕೆಲಸ. ಅದನ್ನ ವೆಬ್‌ಅಸೆಂಬ್ಲಿಗೆ (ಬ್ರೌಸರ್ ಓಡ್ಸೋಕೆ ಆಗೋ ಒಂದು ಕೋಡ್ ರೂಪ) ಕಂಪೈಲ್ ಮಾಡಿ ಬ್ರೌಸರ್‌ನಲ್ಲಿ ತೆಗೆದ್ರೆ ಬರೀ ಕಪ್ಪು ಕ್ಯಾನ್ವಾಸ್. ಕನ್ಸೋಲ್‌ನಲ್ಲಿ ಒಂದು ಎರರ್ ಕೂಡ ಇಲ್ಲ, ಪ್ರೋಗ್ರಾಂ ಕಮಕ್ ಕಿಮಕ್ ಅನ್ನದೆ ಮುಗಿದು ಹೋಗ್ತಿತ್ತು. ಎರಡು ಸಂಜೆ ಅದ್ರಲ್ಲೇ ಕಳೀತು. ಕೊನೆಗೆ ಗೊತ್ತಾಗಿದ್ದೇನಂದ್ರೆ ನಾನು ಟೂಲ್‌ಗಳನ್ನ ಬೈಕೊಂಡು ಕೂತಿದ್ದು ದಂಡ, ಬ್ರೌಸರ್ ಒಳಗಿರೋ ಈ ಮಷೀನೇ ಬೇರೆ, ನಮ್ಮ ಲ್ಯಾಪ್‌ಟಾಪ್‌ನಲ್ಲಿ ಕ್ರ್ಯಾಶ್ ಆಗೋ ತಪ್ಪು ಇಲ್ಲಿ ಆರಾಮಾಗಿ ಓಡತ್ತೆ, ಅಲ್ಲಿ ಆರಾಮಾಗಿ ಓಡೋದು ಇಲ್ಲಿ ಬಿದ್ದು ಸಾಯತ್ತೆ. ಇದೊಂದು ತಲೇಲಿದ್ರೆ ಉಳಿದಿದ್ದೆಲ್ಲ ಸೆಟಪ್ ಕೆಲಸ.

ಹಿನ್ನೆಲೆ ಬೇಗ ಹೇಳಿಬಿಡ್ತೀನಿ. ಬ್ರೌಸರ್‌ನಲ್ಲಿ ನೇಟಿವ್ ಕೋಡ್ (ಸಿ ತರದ ಭಾಷೇಲಿ ಬರೆದು ಮಷೀನ್‌ಗೆ ಕಂಪೈಲ್ ಮಾಡಿದ್ದು) ಓಡ್ಸೋ ಆಸೆ ಹಳೇದು, ಗೂಗಲ್‌ನವರ ನೇಟಿವ್ ಕ್ಲೈಂಟ್ 2011ರಲ್ಲೇ ಕ್ರೋಮ್ ಒಳಗೆ ಬಂದಿತ್ತು, ಆದ್ರೆ ಬೇರೆ ಬ್ರೌಸರ್‌ನವರು ಯಾರೂ ಅದನ್ನ ತಗೊಳ್ಲಿಲ್ಲ. ಮೊಜಿಲ್ಲಾದವರು 2013ರಲ್ಲಿ ಏಎಸ್ಎಂ ಜೆಎಸ್ ತಂದ್ರು, ಜಾವಾಸ್ಕ್ರಿಪ್ಟ್‌ನ ಒಂದು ಬಿಗಿಯಾದ ತುಣುಕು ಅದು. ಆಮೇಲೆ ಎಲ್ಲ ಬ್ರೌಸರ್‌ನವರೂ ಸೇರ್ಕೊಂಡು ವೆಬ್‌ಅಸೆಂಬ್ಲಿ ಮಾಡಿದ್ರು, 2017ರಲ್ಲಿ ನಾಲ್ಕೂ ದೊಡ್ಡ ಬ್ರೌಸರ್‌ಗೆ ಬಂತು, 2019ರ ಡಿಸೆಂಬರ್‌ನಲ್ಲಿ ವೆಬ್‌ನ ನಿಯಮಗಳನ್ನ ಮಾಡೋ ಡಬ್ಲ್ಯೂ3ಸಿ ಸಂಸ್ಥೆಯ ಸ್ಟ್ಯಾಂಡರ್ಡ್ ಆಯ್ತು. ಸಿ ಮತ್ತು ಸಿ ಪ್ಲಸ್ ಪ್ಲಸ್ ಕೋಡಿಗೆ ಎಲ್ಲರೂ ಬಳಸೋ ಟೂಲ್ ಎಮ್‌ಸ್ಕ್ರಿಪ್ಟೆನ್, ಒಳಗೆ ಇರೋದು ಕ್ಲ್ಯಾಂಗ್ ಕಂಪೈಲರ್ರೇ.

ಮುಂದೆ ಕಮಾಂಡುಗಳನ್ನೆಲ್ಲ ಕನ್ನಡ ಲಿಪೀಲೇ ಬರ್ದಿದೀನಿ, ಟರ್ಮಿನಲ್‌ನಲ್ಲಿ ಹೊಡೀವಾಗ ಇಂಗ್ಲಿಷ್ ಅಕ್ಷರ ಅಂತ ಬಿಡ್ಸಿ ಹೇಳೋದು ಬೇಡ ತಾನೆ. ಮೊದಲು ಎಮ್‌ಸ್ಕ್ರಿಪ್ಟೆನ್ ಎಸ್‌ಡಿಕೆ ಗಿಟ್‌ನಿಂದ ಕ್ಲೋನ್ ಮಾಡ್ಕೊಳಿ, ಆ ಫೋಲ್ಡರ್ ಒಳಗೆ ಹೋಗಿ 'ಇಎಂಎಸ್‌ಡಿಕೆ ಇನ್‌ಸ್ಟಾಲ್ ಲೇಟೆಸ್ಟ್', ಆಮೇಲೆ 'ಇಎಂಎಸ್‌ಡಿಕೆ ಆಕ್ಟಿವೇಟ್ ಲೇಟೆಸ್ಟ್', ಆಮೇಲೆ ಅಲ್ಲೇ ಇರೋ ಎನ್ವಿರಾನ್‌ಮೆಂಟ್ ಸ್ಕ್ರಿಪ್ಟನ್ನ ಸೋರ್ಸ್ ಮಾಡಿ. ಈ ಕೊನೇದನ್ನ ಹೊಸ ಟರ್ಮಿನಲ್ ತೆಗೆದಾಗಲೆಲ್ಲ ಮಾಡ್ಬೇಕು, 'ಇಎಂಸಿಸಿ ಕಮಾಂಡ್ ಸಿಕ್ತಿಲ್ಲ' ಅನ್ನೋವ್ರಲ್ಲಿ ಬಹಳ ಜನ ಮರೆತಿರೋದು ಇದನ್ನೇ. ಅಲ್ಲಿಂದ ಮುಂದೆ ಜಿಸಿಸಿ ಇದ್ದ ಕಡೆ ಇಎಂಸಿಸಿ, ಜಿ ಪ್ಲಸ್ ಪ್ಲಸ್ ಇದ್ದ ಕಡೆ ಇಎಂ ಪ್ಲಸ್ ಪ್ಲಸ್, ಸಿಮೇಕ್ ಪ್ರಾಜೆಕ್ಟ್ ಆಗಿದ್ರೆ ಸಿಮೇಕ್ ಕಮಾಂಡ್‌ಗೆ ಮೊದಲು 'ಇಎಂಸಿಮೇಕ್' ಅಂತ ಸೇರಿಸಿದ್ರೆ ಸಾಕು.

ಔಟ್‌ಪುಟ್ ಹೆಸರು ಎಚ್‌ಟಿಎಂಎಲ್ ಅಂತ ಕೊಟ್ರೆ ಮೂರು ಫೈಲ್ ಬರತ್ತೆ: ಒಂದು ಪೇಜು, ಒಂದು ಜಾವಾಸ್ಕ್ರಿಪ್ಟ್, ಒಂದು ವ್ಯಾಸ್ಮ್ (ವೆಬ್‌ಅಸೆಂಬ್ಲಿಯ ಚಿಕ್ಕ ಹೆಸರು) ಫೈಲು. ನಿಜವಾದ ಕೋಡ್ ಇರೋದು ವ್ಯಾಸ್ಮ್‌ನಲ್ಲಿ, ಜಾವಾಸ್ಕ್ರಿಪ್ಟ್ ಅದನ್ನ ಲೋಡ್ ಮಾಡಿ ಹೊರಗಿನ ಪ್ರಪಂಚಕ್ಕೆ ಗಂಟು ಹಾಕತ್ತೆ. ಪೇಜನ್ನ ಡಬಲ್ ಕ್ಲಿಕ್ ಮಾಡಿ ತೆಗೀಬೇಡಿ, ಡಿಸ್ಕ್‌ನಿಂದ ನೇರ ತೆಗೆದ್ರೆ ಬ್ರೌಸರ್ ವ್ಯಾಸ್ಮ್ ಫೈಲನ್ನ ತರೋಕೆ ಬಿಡಲ್ಲ. ಪೈಥಾನ್ ಜೊತೆ ಬರೋ ಚಿಕ್ಕ ಎಚ್‌ಟಿಟಿಪಿ ಸರ್ವರ್ ಆ ಫೋಲ್ಡರ್‌ನಲ್ಲಿ ಸ್ಟಾರ್ಟ್ ಮಾಡಿ ಲೋಕಲ್‌ಹೋಸ್ಟ್‌ನಿಂದ ತೆಗೀರಿ. ಸ್ವಂತ ಸರ್ವರ್ ಇದ್ರೆ ವ್ಯಾಸ್ಮ್ ಫೈಲಿಗೆ ಕಂಟೆಂಟ್ ಟೈಪ್ 'ಅಪ್ಲಿಕೇಶನ್ ಸ್ಲ್ಯಾಶ್ ವ್ಯಾಸ್ಮ್' ಅಂತ ಬರ್ತಿದ್ಯಾ ನೋಡ್ಕೊಳಿ, ಇಲ್ಲಾಂದ್ರೆ ಡೌನ್‌ಲೋಡ್ ಆಗ್ತಾ ಆಗ್ತಾನೇ ಕಂಪೈಲ್ ಆಗೋ ಅನುಕೂಲ ತಪ್ಪಿಹೋಗಿ ಕನ್ಸೋಲ್‌ನಲ್ಲಿ ಒಂದು ವಾರ್ನಿಂಗ್ ಬಂದು ಕೂರತ್ತೆ.

ಗೇಮ್ ತರದ್ದು ಏನಾದ್ರೂ ತರ್ತಿದ್ರೆ ಮೊದಲ ಹೊಡೆತ ಬೀಳೋದು ಮೇನ್ ಲೂಪ್‌ಗೆ. ಲ್ಯಾಪ್‌ಟಾಪ್‌ನಲ್ಲಿ 'ವೈಲ್ ಟ್ರೂ' ಅಂತ ಸುತ್ತಿಸ್ತೀವಿ, ಬ್ರೌಸರ್‌ನಲ್ಲಿ ಹಂಗೆ ಮಾಡಿದ್ರೆ ಟ್ಯಾಬ್ ನಿಂತೇ ಹೋಗತ್ತೆ, ಯಾಕಂದ್ರೆ ಚಿತ್ರ ಬಿಡ್ಸೋದು ಮೌಸ್ ಕೇಳೋದು ಎಲ್ಲಾನೂ ಅದೇ ಥ್ರೆಡ್ ಮಾಡ್ಬೇಕು, ನಾವು ಅದರ ಕೈ ಬಿಟ್ರೆ ತಾನೆ. ಲೂಪಿನ ಒಂದು ಸುತ್ತನ್ನ ಬೇರೆ ಫಂಕ್ಷನ್ ಮಾಡಿ 'ಎಮ್‌ಸ್ಕ್ರಿಪ್ಟೆನ್ ಸೆಟ್ ಮೇನ್ ಲೂಪ್'ಗೆ ಕೊಡಿ, ಎರಡನೇ ಆರ್ಗ್ಯುಮೆಂಟ್ ಎಫ್‌ಪಿಎಸ್, ಅದನ್ನ 0 ಕೊಟ್ರೆ ಬ್ರೌಸರ್ ತಾನು ಸ್ಕ್ರೀನ್ ಬರೆಯೋ ತಾಳಕ್ಕೇ ಕರ್ಕೊಳ್ಳತ್ತೆ. ಮೂರನೇ ಆರ್ಗ್ಯುಮೆಂಟ್ ಹತ್ರ ಸ್ವಲ್ಪ ಹುಷಾರು. ಅಲ್ಲಿ 0 ಕೊಟ್ರೆ ಮೇನ್ ಫಂಕ್ಷನ್ ರಿಟರ್ನ್ ಆಗ್ಬಿಡತ್ತೆ, ಮೇನ್ ಒಳಗೆ ಸ್ಟ್ಯಾಕ್ ಮೇಲೆ ಇಟ್ಟಿದ್ದ ಆಬ್ಜೆಕ್ಟ್‌ಗಳೆಲ್ಲ ಹೋಗತ್ತೆ, ಲೂಪ್ ಮಾತ್ರ ಅವುಗಳ ಪಾಯಿಂಟರ್ ಹಿಡ್ಕೊಂಡು ಓಡ್ತಾನೇ ಇರತ್ತೆ. 1 ಕೊಟ್ರೆ ಒಂದು ಜಾವಾಸ್ಕ್ರಿಪ್ಟ್ ಎಕ್ಸೆಪ್ಷನ್ ಎಸೆದು ಅಲ್ಲೇ ಹೊರಗೆ ಬರತ್ತೆ, 'ಅನ್‌ವೈಂಡ್' ಅಂತ ಹೆಸರು ಕಂಡ್ರೆ ಗಾಬರಿ ಆಗ್ಬೇಡಿ, ಅದು ಬಗ್ ಅಲ್ಲ. ಹಳೇ ಕೋಡ್‌ನಲ್ಲಿ ಲೂಪ್ ಒಡೆಯೋಕೆ ಸಾಧ್ಯಾನೇ ಇಲ್ಲ ಅಂದ್ರೆ ಕೋಡನ್ನ ಮಧ್ಯೆ ನಿಲ್ಲಿಸಿ ಮತ್ತೆ ಮುಂದುವರಿಸೋ ಅಸಿಂಕಿಫೈ ಅಂತ ಒಂದು ಆಪ್ಷನ್ ಇದೆ, ಕೆಲಸ ಮಾಡತ್ತೆ, ಆದ್ರೆ ಫೈಲ್ ಸೈಜು ಸಾಮಾನ್ಯವಾಗಿ ಅರ್ಧದಷ್ಟು ಜಾಸ್ತಿ ಆಗತ್ತೆ. ನನಗಂತೂ ಅದು ಬೇರೆ ದಾರಿ ಇಲ್ದಾಗ ಮಾತ್ರ.

ಈಗ ಡಿಬಗ್ ಬಿಲ್ಡ್. ರಿಲೀಸ್ ಬಿಲ್ಡನ್ನೇ ಡಿಬಗ್ ಮಾಡ್ತೀನಿ ಅಂತ ಹೊರಟ್ರೆ ತಲೆ ಚಚ್ಕೋಬೇಕಾಗತ್ತೆ, ಅದಕ್ಕೆ ಎರಡು ಬಿಲ್ಡ್ ಫೋಲ್ಡರ್ ಮೊದಲ ದಿನಾನೇ ಮಾಡಿಡಿ. ಡಿಬಗ್‌ಗೆ ನಾನು ಹಾಕೋದು '-ಜಿ', '-ಓ0', ಲಿಂಕ್ ಮಾಡುವಾಗ '-ಎಸ್‌ಅಸರ್ಷನ್ಸ್=2' (ಓಡುವಾಗ ತಪ್ಪು ಇದ್ಯಾ ಅಂತ ಪರೀಕ್ಷೆ ಮಾಡೋದು). ಓ0 ಅನ್ನೋದು ದೊಡ್ಡ ಓ ಪಕ್ಕ ಸೊನ್ನೆ. ಇಲ್ಲಿ ಎಲ್ಲರೂ ಎಡವೋ ಒಂದು ಕಲ್ಲಿದೆ: '-ಜಿ'ನ ಕಂಪೈಲ್ ಮಾಡುವಾಗಲೂ ಕೊಡ್ಬೇಕು ಲಿಂಕ್ ಮಾಡುವಾಗಲೂ ಕೊಡ್ಬೇಕು. ಬರೀ ಕಂಪೈಲ್‌ಗೆ ಕೊಟ್ರೆ ಲಿಂಕ್ ಹಂತದಲ್ಲಿ ಡಿಬಗ್ ಮಾಹಿತಿನೆಲ್ಲ ಕಿತ್ತು ಬಿಸಾಕತ್ತೆ, ಬರೀ ಲಿಂಕ್‌ಗೆ ಕೊಟ್ರೆ ಕಿತ್ತು ಹಾಕೋಕೂ ಏನೂ ಇರಲ್ಲ. ಆಪ್ಟಿಮೈಸೇಶನ್ ಲೆವೆಲ್ ಕಥೇನೂ ಹಿಂಗೇ, ಎರಡೂ ಕಡೆ.

'-ಜಿ' ಹಾಕಿದಾಗ ವ್ಯಾಸ್ಮ್ ಒಳಗೆ ಡ್ವಾರ್ಫ್ ಮಾಹಿತಿ (ಯಾವ ಕೋಡ್ ಸೋರ್ಸ್‌ನ ಯಾವ ಸಾಲು, ಯಾವ ವೇರಿಯಬಲ್ ಅನ್ನೋ ಲೆಕ್ಕ) ಕೂರತ್ತೆ, ಜಿಡಿಬಿ ಡಿಬಗರ್ ಓದೋ ಅದೇ ಡ್ವಾರ್ಫ್. ಅದನ್ನ ಕ್ರೋಮ್ ಅರ್ಥ ಮಾಡ್ಕೊಳ್ಳೋಕೆ ಒಂದು ಎಕ್ಸ್‌ಟೆನ್ಶನ್ ಬೇಕು, ಗೂಗಲ್‌ನವರೇ ಮಾಡಿರೋ 'ಸಿ ಸಿ ಪ್ಲಸ್ ಪ್ಲಸ್ ಡೆವ್‌ಟೂಲ್ಸ್ ಸಪೋರ್ಟ್' ಅನ್ನೋದು. ಹಾಕ್ಕೊಂಡು ಡೆವ್‌ಟೂಲ್ಸ್ (ಕ್ರೋಮ್ ಒಳಗೇ ಇರೋ ಡಿಬಗ್ ಟೂಲ್‌ಗಳು) ಒಂದ್ಸಲ ಮುಚ್ಚಿ ತೆಗೆದು ಪೇಜ್ ರಿಲೋಡ್ ಮಾಡಿ. ಕನ್ಸೋಲ್‌ನಲ್ಲಿ ಡಿಬಗ್ ಸಿಂಬಲ್ಸ್ ಲೋಡ್ ಆಯ್ತು, ಇಷ್ಟು ಸೋರ್ಸ್ ಫೈಲ್ ಸಿಕ್ತು ಅಂತ ಸಾಲು ಬರತ್ತೆ. ಆ ಸಾಲು ಬರ್ಲಿಲ್ಲಾಂದ್ರೆ ಮುಂದಿಂದು ಏನೂ ನಡಿಯಲ್ಲ, ವಾಪಸ್ ಹೋಗಿ '-ಜಿ' ನೋಡ್ಕೊಳಿ. ಸಾಲು ಬಂದಿದೆ ಆದ್ರೆ ಫೈಲ್ ಓಪನ್ ಆಗ್ತಿಲ್ಲ ಅಂದ್ರೆ ಅದು ಪಾತ್ ಸಮಸ್ಯೆ, ಡಾಕರ್ ಒಳಗೆ ಬಿಲ್ಡ್ ಮಾಡೋವ್ರಿಗೆ ಇದು ಗ್ಯಾರಂಟಿ ಬರತ್ತೆ, ಯಾಕಂದ್ರೆ ಡ್ವಾರ್ಫ್‌ನಲ್ಲಿ ಕಂಟೇನರ್ ಒಳಗಿನ ದಾರಿ ಬರ್ದಿರತ್ತೆ, ನಿಮ್ಮ ಮಷೀನ್‌ನಲ್ಲಿ ಅಂಥ ಫೋಲ್ಡರ್ರೇ ಇರಲ್ಲ. ಎಕ್ಸ್‌ಟೆನ್ಶನ್ ಆಪ್ಷನ್ಸ್‌ನಲ್ಲಿ ಹಳೇ ದಾರಿ ಹೊಸ ದಾರಿ ಎರಡೂ ಬರೆಯೋಕೆ ಜಾಗ ಇದೆ, ತುಂಬಿಬಿಡಿ. ಫೈರ್‌ಫಾಕ್ಸ್ ಬಳಸೋರು '-ಜಿಸೋರ್ಸ್-ಮ್ಯಾಪ್' ಹಾಕ್ಬೇಕು, ಸಾಲು ಸಾಲಾಗಿ ನಡೆಸೋಕಾಗತ್ತೆ, ಆದ್ರೆ ಸೋರ್ಸ್ ಮ್ಯಾಪ್‌ನಲ್ಲಿ ವೇರಿಯಬಲ್‌ಗಳ ಮಾಹಿತಿ ಇರಲ್ಲ, ಅದಕ್ಕೇ ಈ ಕೆಲಸಕ್ಕೆ ನಾನು ಕ್ರೋಮ್ ಬಳಸೋದು.

ಇನ್ನು ಕಪ್ಪು ಕ್ಯಾನ್ವಾಸ್ ಕಥೆ. ಸೋರ್ಸಸ್ ಪ್ಯಾನೆಲ್‌ನಲ್ಲಿ ನನ್ನ ಸಿ ಫೈಲ್ ತೆಗೆದು, ಹೆಡರ್ ಓದಿ ಮುಗಿದ ಮುಂದಿನ ಸಾಲಿಗೆ ಬ್ರೇಕ್‌ಪಾಯಿಂಟ್ ಇಟ್ಟು ರಿಲೋಡ್ ಮಾಡ್ದೆ. ನಿಂತ್ಕೊಂಡ್ತು. ಬಲಗಡೆ ಸ್ಕೋಪ್‌ನಲ್ಲಿ ಹೆಡರ್ ಸ್ಟ್ರಕ್ಟ್ ಬಿಚ್ಚಿ ನೋಡ್ತೀನಿ, ಮೊದಲ ನಾಲ್ಕು ಅಕ್ಷರ ಸರಿಯಾಗಿದೆ, ಚಿತ್ರಗಳ ಸಂಖ್ಯೆ 0, ಅಗಲ 37. ಫೈಲ್‌ನಲ್ಲಿ ಇದ್ದಿದ್ದು 37 ಚಿತ್ರ, ಅಗಲ 640! ಅಂದ್ರೆ ಚಿತ್ರಗಳ ಸಂಖ್ಯೆ ಹೋಗಿ ಅಗಲದ ಜಾಗದಲ್ಲಿ ಕೂತಿದೆ. ಆ ಸ್ಟ್ರಕ್ಟ್‌ನಲ್ಲಿ ನಾಲ್ಕು ಬೈಟ್ ಅಕ್ಷರ, ಆಮೇಲೆ ಒಂದು ಲಾಂಗ್, ಆಮೇಲೆ ಒಂದು ಇಂಟ್. ನನ್ನ 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ ಅಂದ್ರೆ 8 ಬೈಟ್, ಅದು 8ನೇ ಬೈಟ್‌ನಿಂದ ಶುರು ಆಗತ್ತೆ, ಮಧ್ಯೆ 4 ಬೈಟ್ ಖಾಲಿ, ಕೊನೇಲೂ 4 ಬೈಟ್ ಖಾಲಿ, ಒಟ್ಟು 24. ಮಾಮೂಲಿ ವೆಬ್‌ಅಸೆಂಬ್ಲಿ 32 ಬಿಟ್ಟು, ಅಲ್ಲಿ ಲಾಂಗ್ 4 ಬೈಟ್, ಖಾಲಿ ಜಾಗ ಇಲ್ಲ, ಒಟ್ಟು 12. ಲಿನಕ್ಸ್‌ನಲ್ಲಿ ಬರೆದ ಫೈಲ್‌ನ ಖಾಲಿ ಸೊನ್ನೆಗಳನ್ನ ಇಲ್ಲಿ ಸಂಖ್ಯೆ ಅಂತ ಓದ್ಕೊಂಡ್ತು, ಸೊನ್ನೆ ಚಿತ್ರ ತೋರಿಸ್ತು, ಸಂತೋಷವಾಗಿ ಮುಗೀತು. ಲಾಂಗ್ ತೆಗೆದು 'ಇಂಟ್64 ಟಿ' ಅಂತ ಬರೆದೆ, ಎರಡೂ ಕಡೆ 24 ಆಯ್ತು, ಅದರ ಕೆಳಗೆ ಸೈಜ್ 24 ಇಲ್ಲಾಂದ್ರೆ ಕಂಪೈಲೇ ಆಗ್ದಂಗೆ ಒಂದು ಸ್ಟ್ಯಾಟಿಕ್ ಅಸರ್ಟ್ ಹಾಕ್ದೆ. ಫೈಲಿಗೋ ನೆಟ್‌ವರ್ಕ್‌ಗೋ ಹೋಗೋ ಸ್ಟ್ರಕ್ಟ್‌ಗಳಲ್ಲಿ ಲಾಂಗ್, ಸೈಜ್ ಟಿ, ಪಾಯಿಂಟರ್ ಇದ್ಯಾ ಅಂತ ಪೋರ್ಟ್ ಮಾಡೋಕೆ ಮುಂಚೇನೇ ಒಂದ್ಸಲ ಹುಡುಕಿಬಿಡಿ, ಎರಡು ಸಂಜೆ ಉಳಿಯತ್ತೆ.

ಚಿತ್ರ ಬಂತು ಅಂತ ಖುಷಿ ಪಟ್ಟೆ, ಆದ್ರೆ ಒಂದು ಪ್ಯಾನೆಲ್ ರೀಸೈಜ್ ಮಾಡಿದ್ರೆ ಅದಕ್ಕೆ ಸಂಬಂಧಾನೇ ಇಲ್ದಿರೋ ಇನ್ನೊಂದು ಪ್ಯಾನೆಲ್ ತಾನೂ ರೀಸೈಜ್ ಆಗ್ತಿತ್ತು. ಇದು ನೋಡಿ ನಿಜವಾದ ವಿಚಿತ್ರ. ಆ ಎರಡು ಪ್ಯಾನೆಲ್‌ಗಳ ಪಾಯಿಂಟರ್‌ಗಳೂ ನಲ್ (ಸೊನ್ನೆ ವಿಳಾಸ, ಅಂದ್ರೆ ಏನೂ ಇಲ್ಲ) ಆಗಿದ್ವು. ಲ್ಯಾಪ್‌ಟಾಪ್‌ನಲ್ಲಿ ನಲ್ ಮುಟ್ಟಿದ ಕ್ಷಣವೇ ಸೆಗ್‌ಫಾಲ್ಟ್, ಯಾಕಂದ್ರೆ ಆಪರೇಟಿಂಗ್ ಸಿಸ್ಟಮ್ ಸೊನ್ನೆ ವಿಳಾಸದ ಸುತ್ತ ಬೇಲಿ ಹಾಕಿರತ್ತೆ. ವೆಬ್‌ಅಸೆಂಬ್ಲೀಲಿ ಮೆಮೊರಿ ಅಂದ್ರೆ 0ಯಿಂದ ಶುರುವಾಗೋ ಬೈಟ್‌ಗಳ ಒಂದು ಉದ್ದ ಸಾಲು ಅಷ್ಟೇ, 0ನೇ ವಿಳಾಸಾನೂ ಎಲ್ಲದರಂಗೆ ಒಂದು ವಿಳಾಸ. ನನ್ನ ಪ್ಯಾನೆಲ್ ಸ್ಟ್ರಕ್ಟ್‌ನಲ್ಲಿ ಅಗಲ 8ನೇ ಬೈಟ್‌ನಲ್ಲಿರೋದ್ರಿಂದ, ನಲ್ ಮೂಲಕ ಅಗಲ ಬರೆದ್ರೆ ಅದು 8ನೇ ಬೈಟ್‌ಗೆ ಹೋಗಿ ಕೂರತ್ತೆ, ಓದಿದ್ರೆ ಬರೆದಿದ್ದೇ ವಾಪಸ್ ಬರತ್ತೆ, ಎರಡು ನಲ್ ಪ್ಯಾನೆಲ್‌ಗಳು ಒಂದೇ ಮನೇಲಿ ಸಂಸಾರ ಮಾಡ್ತವೆ. (ಆ ಪಾಯಿಂಟರ್‌ಗಳು ನಲ್ ಆಗಿದ್ದು ಬ್ರೌಸರ್‌ನಲ್ಲಿ ಮಾತ್ರ, ಸೆಟ್ಟಿಂಗ್ಸ್ ಫೈಲ್ ಸಿಗದೆ ಆ ಫಂಕ್ಷನ್ ನಲ್ ಕೊಡ್ತಿತ್ತು, ಅದಕ್ಕೆ ಆಮೇಲೆ ಬರ್ತೀನಿ.)

ಅಸರ್ಷನ್ಸ್ ಆನ್ ಇದ್ರೆ ಎಮ್‌ಸ್ಕ್ರಿಪ್ಟೆನ್ 0ನೇ ವಿಳಾಸದಲ್ಲಿ 'ಇ ಎಂ ಎಸ್ ಸಿ' ಅಂತ ನಾಲ್ಕು ಅಕ್ಷರ ಬರೆದಿಟ್ಟು ಆಗಾಗ ಬಂದು ಅದು ಹಂಗೇ ಇದ್ಯಾ ನೋಡತ್ತೆ, ಯಾರಾದ್ರೂ ಅಳಿಸಿದ್ರೆ ಅಡ್ರೆಸ್ ಝೀರೋ ಕೆಟ್ಟಿದೆ ಅಂತ ಕೂಗತ್ತೆ. ಒಳ್ಳೇ ಉಪಾಯನೇ, ಆದ್ರೆ ಅದು ಕಾಯೋದು ಮೊದಲ 4 ಬೈಟ್ ಮಾತ್ರ, ನನ್ನ ಅಗಲ ಹೋಗಿದ್ದು 8ಕ್ಕೆ, ಕಾವಲಿನವನಿಗೆ ಕಾಣ್ಲೇ ಇಲ್ಲ. ಇದಕ್ಕೆ ಸರಿಯಾದ ಮದ್ದು '-ಎಫ್‌ಸ್ಯಾನಿಟೈಝ್=ನಲ್', ಕಂಪೈಲ್‌ಗೂ ಲಿಂಕ್‌ಗೂ ಎರಡಕ್ಕೂ. ಆಗ ಯಾವ ಫೈಲ್, ಎಷ್ಟನೇ ಸಾಲು, ಯಾವ ಸ್ಟ್ರಕ್ಟ್‌ನ ಮೆಂಬರ್ ಅನ್ನ ನಲ್ ಮೂಲಕ ಮುಟ್ಟಿದ್ರಿ ಅಂತ ಕನ್ಸೋಲ್‌ನಲ್ಲಿ ನೀಟಾಗಿ ಬರತ್ತೆ. ಡಿಬಗ್ ಬಿಲ್ಡ್‌ನಲ್ಲಿ ಇದನ್ನ ನಾನು ತೆಗೆಯೋದೇ ಇಲ್ಲ ಈಗ. ಫ್ರೀ ಮಾಡಿದ್ದನ್ನ ಮತ್ತೆ ಬಳಸೋದು, ಅರೇ ದಾಟಿ ಬರೆಯೋದು ಇಂಥದ್ದಕ್ಕೆ ಅಡ್ರೆಸ್ ಸ್ಯಾನಿಟೈಝರ್ ಕೂಡ ಇಲ್ಲಿ ಓಡತ್ತೆ, '-ಎಫ್‌ಸ್ಯಾನಿಟೈಝ್=ಅಡ್ರೆಸ್', ಅದು ಮೆಮೊರಿ ತುಂಬಾ ತಿನ್ನತ್ತೆ, ಮೆಮೊರಿ ಗ್ರೋತ್ ಆನ್ ಮಾಡ್ಕೊಂಡೇ ಓಡಿಸಿ.

ಇದರ ಉಲ್ಟಾ ಕಡೆ ನೋಡಣ, ಅಲ್ಲಿ ಬದುಕಿದ್ದು ಇಲ್ಲಿ ಸಾಯೋದು. ಕಾಲ್‌ಬ್ಯಾಕ್‌ಗಳನ್ನ ಕ್ಯಾಸ್ಟ್ ಮಾಡಿ ಕೊಡೋ ಅಭ್ಯಾಸ ಹಳೇ ಸಿ ಕೋಡ್‌ನಲ್ಲಿ ಬೇಕಾದಷ್ಟಿರತ್ತೆ, ಎರಡು ಆರ್ಗ್ಯುಮೆಂಟ್ ಬೇಕಾದ ಕಡೆ ಒಂದೇ ತಗೊಳೋ ಫಂಕ್ಷನ್ ಕೊಟ್ಟಿರ್ತಾರೆ, ಏನೂ ವಾಪಸ್ ಕೊಡ್ದಿರೋದನ್ನ ಇಂಟ್ ಕೊಡೋ ತರ ಕ್ಯಾಸ್ಟ್ ಮಾಡಿರ್ತಾರೆ. ಎಕ್ಸ್86 ಪ್ರೊಸೆಸರ್ ಅದನ್ನೆಲ್ಲ ನುಂಗ್ಕೊಂಡು ಹೋಗತ್ತೆ. ವೆಬ್‌ಅಸೆಂಬ್ಲಿ ಫಂಕ್ಷನ್ ಪಾಯಿಂಟರ್ ಮೂಲಕ ಕರೆದಾಗಲೆಲ್ಲ ಟೈಪ್ ತಾಳೆ ನೋಡತ್ತೆ, ತಾಳೆ ಆಗ್ಲಿಲ್ಲಾಂದ್ರೆ ಅಲ್ಲೇ ಟ್ರ್ಯಾಪ್ ಆಗಿ ಪ್ರೋಗ್ರಾಂ ನಿಲ್ಲತ್ತೆ, ಕ್ರೋಮ್‌ನಲ್ಲಿ 'ನಲ್ ಫಂಕ್ಷನ್ ಆರ್ ಫಂಕ್ಷನ್ ಸಿಗ್ನೇಚರ್ ಮಿಸ್‌ಮ್ಯಾಚ್', ಫೈರ್‌ಫಾಕ್ಸ್‌ನಲ್ಲಿ 'ಇನ್‌ಡೈರೆಕ್ಟ್ ಕಾಲ್ ಸಿಗ್ನೇಚರ್ ಮಿಸ್‌ಮ್ಯಾಚ್'. ಈ ಎರರ್ ಕಂಡ್ರೆ ಕಾಲ್ ಸ್ಟ್ಯಾಕ್‌ನಲ್ಲಿ ಮೇಲಿನ ಫ್ರೇಮ್‌ಗೆ ಹೋಗಿ ಅಲ್ಲಿರೋ ಫಂಕ್ಷನ್ ಪಾಯಿಂಟರ್ ಯಾರು ಕೊಟ್ಟಿದ್ದು ಅಂತ ಹುಡುಕಿ. ಕ್ಯಾಸ್ಟ್ ಅನ್ನ ರಿಪೇರಿ ಮಾಡೋಕೆ ಹೋಗ್ಬೇಡಿ, ಸರಿಯಾದ ಸಿಗ್ನೇಚರ್ ಇರೋ ಒಂದು ಚಿಕ್ಕ ಫಂಕ್ಷನ್ ಬರೆದು ಅದ್ರೊಳಗಿಂದ ಹಳೇದನ್ನ ಕರೀರಿ. ಇನ್ನೊಂದು ಎರರ್ 'ಅನ್‌ರೀಚಬಲ್'. ಸಿ ಪ್ಲಸ್ ಪ್ಲಸ್‌ನಲ್ಲಿ ಬೆಲೆ ವಾಪಸ್ ಕೊಡ್ಬೇಕಾದ ಫಂಕ್ಷನ್‌ನಲ್ಲಿ ಯಾವ್ದೋ ಒಂದು ದಾರೀಲಿ ರಿಟರ್ನ್ ಮರೆತಿದ್ರೆ ಇದು ಬರ್ಬಹುದು. ಕಂಪೈಲರ್ ಅದಕ್ಕೆ ವಾರ್ನಿಂಗ್ ಕೊಟ್ಟೇ ಕೊಟ್ಟಿರತ್ತೆ, ನಾವು ಓದಿರಲ್ಲ.

ಮೆಮೊರಿ ವಿಷಯಕ್ಕೆ ಬಂದ್ರೆ, ಎಮ್‌ಸ್ಕ್ರಿಪ್ಟೆನ್ ಶುರುವಿಗೆ ಕೊಡೋದು 16 ಎಂಬಿ, ಸಾಲ್ದೇ ಹೋದ್ರೆ 'ಅಲೋ ಮೆಮೊರಿ ಗ್ರೋತ್' ಆಪ್ಷನ್ ಆನ್ ಮಾಡಿ. ಬೆಳೆಯೋದು 64 ಕೆಬಿ ಪೇಜುಗಳ ಲೆಕ್ಕದಲ್ಲಿ, 32 ಬಿಟ್‌ನಲ್ಲಿ ಮಿತಿ 4 ಜಿಬಿ. ಇಲ್ಲೊಂದು ಗುಂಡಿ ಇದೆ. ಜಾವಾಸ್ಕ್ರಿಪ್ಟ್ ಕಡೆಯಿಂದ ಹೀಪ್ ಮೇಲೆ ಒಂದು ಅರೇ ವ್ಯೂ ಮಾಡಿ ವೇರಿಯಬಲ್‌ನಲ್ಲಿ ಇಟ್ಕೊಂಡಿದ್ರೆ, ಮೆಮೊರಿ ಬೆಳೆದ ತಕ್ಷಣ ಹಳೇ ಬಫರ್ ಕಳಚಿಕೊಳ್ಳತ್ತೆ, ನಿಮ್ಮ ಅರೇ ಉದ್ದ ಸೊನ್ನೆ ಆಗತ್ತೆ, ಎರರ್ ಬರಲ್ಲ, ಓದಿದ್ರೆ ಬರೀ ಅನ್‌ಡಿಫೈನ್ಡ್. ಚಿಕ್ಕ ಇನ್‌ಪುಟ್‌ಗೆ ಸರಿ, ದೊಡ್ಡದಕ್ಕೆ ಮಾತ್ರ ಕೆಡತ್ತೆ ಅನ್ನೋ ತರದ ಬಗ್ ಇದ್ರೆ ಮೊದಲ ಅನುಮಾನ ಇದ್ರ ಮೇಲೇ ಇರ್ಲಿ, ವ್ಯೂನ ಪ್ರತಿ ಸಲ ಹೊಸದಾಗಿ ತಗೊಳಿ. ಸ್ಟ್ಯಾಕ್ ಮೊದಲು 5 ಎಂಬಿ ಇತ್ತು, ಈಗಿನ ಎಮ್‌ಸ್ಕ್ರಿಪ್ಟೆನ್‌ನಲ್ಲಿ 64 ಕೆಬಿ ಅಷ್ಟೇ. ಫಂಕ್ಷನ್ ಒಳಗೆ ಒಂದು ಲಕ್ಷ ಬೈಟ್ ಬಫರ್ ಇಟ್ಟಿದ್ರೆ ಅಲ್ಲೇ ಮುಗೀತು. 'ಸ್ಟ್ಯಾಕ್ ಸೈಜ್' ಜಾಸ್ತಿ ಮಾಡಿ, ಡಿಬಗ್‌ನಲ್ಲಿ 'ಸ್ಟ್ಯಾಕ್ ಓವರ್‌ಫ್ಲೋ ಚೆಕ್=2' ಹಾಕ್ಕೊಳಿ.

ಆ ಸೆಟ್ಟಿಂಗ್ಸ್ ಫೈಲ್ ಕಥೆ: ಬ್ರೌಸರ್ ಒಳಗೆ ನಿಮ್ಮ ಡಿಸ್ಕ್ ಇಲ್ಲ, ಎಫ್‌ಓಪನ್ ನೋಡೋದು ಮೆಮೊರೀಲಿರೋ ಒಂದು ಸುಳ್ಳು ಫೈಲ್ ಸಿಸ್ಟಮ್‌ನ. ಬೇಕಾದ ಫೋಲ್ಡರನ್ನ '--ಪ್ರಿಲೋಡ್-ಫೈಲ್' ಅಂತ ಲಿಂಕ್ ಮಾಡುವಾಗ ಕೊಟ್ರೆ ಒಂದು ಡೇಟಾ ಫೈಲ್ ಆಗಿ ಜೊತೆಗೆ ಬರತ್ತೆ. ಪೇಜ್ ಮುಚ್ಚಿದ್ರೆ ಬರ್ದಿದ್ದೆಲ್ಲ ಮಾಯ, ಉಳೀಬೇಕು ಅಂದ್ರೆ ಐಡಿಬಿಎಫ್‌ಎಸ್ (ಬ್ರೌಸರ್‌ನ ಒಳಗಿನ ಡೇಟಾಬೇಸ್‌ನಲ್ಲಿ ಫೈಲ್ ಇಡೋ ವ್ಯವಸ್ಥೆ) ಮೌಂಟ್ ಮಾಡಿ ಸಿಂಕ್ ಮಾಡ್ಬೇಕು. ಇನ್ನೆರಡು ಸಣ್ಣವು: ಪ್ರಿಂಟ್‌ಎಫ್ ಕೊನೇಲಿ ನ್ಯೂಲೈನ್ ಇಲ್ಲಾಂದ್ರೆ ಕನ್ಸೋಲ್‌ಗೆ ಬರೋದೇ ಇಲ್ಲ, ಕೋಡ್ ಅಲ್ಲಿಗೆ ತಲುಪೇ ಇಲ್ಲ ಅಂತ ಅಂದ್ಕೊಂಡು ಮೋಸ ಹೋಗ್ಬೇಡಿ. ಸಿ ಪ್ಲಸ್ ಪ್ಲಸ್ ಎಕ್ಸೆಪ್ಷನ್‌ಗಳನ್ನ ಥ್ರೋ ಮಾಡ್ಬಹುದು, ಆದ್ರೆ ಡಿಫಾಲ್ಟ್ ಆಗಿ ಕ್ಯಾಚ್ ಆಗಲ್ಲ, ಪ್ರೋಗ್ರಾಂ ಅಲ್ಲೇ ನಿಲ್ಲತ್ತೆ, ಕ್ಯಾಚ್ ಬೇಕಿದ್ರೆ '-ಎಫ್‌ವ್ಯಾಸ್ಮ್-ಎಕ್ಸೆಪ್ಷನ್ಸ್' ಎರಡೂ ಹಂತಕ್ಕೆ ಕೊಡಿ.

ಥ್ರೆಡ್‌ಗಳು ಬೇಕೇ ಬೇಕಾ ಅಂತ ಎರಡು ಸಲ ಯೋಚ್ನೆ ಮಾಡಿ. ಸ್ಪೆಕ್ಟರ್ ಅನ್ನೋ ಪ್ರೊಸೆಸರ್ ಭದ್ರತಾ ದೋಷದ ಗಲಾಟೆ ಆದ್ಮೇಲೆ 2018ರ ಜನವರೀಲಿ ಬ್ರೌಸರ್‌ಗಳು ಶೇರ್ಡ್ ಅರೇ ಬಫರ್‌ನೇ (ಥ್ರೆಡ್‌ಗಳು ಹಂಚ್ಕೊಳ್ಳೋ ಮೆಮೊರಿ) ಆಫ್ ಮಾಡಿಬಿಟ್ಟಿದ್ವು, ಈಗ ವಾಪಸ್ ಬಂದಿದೆ, ಆದ್ರೆ ಸರ್ವರ್ ಕ್ರಾಸ್ ಆರಿಜಿನ್ ಓಪನರ್ ಪಾಲಿಸಿ, ಎಂಬೆಡರ್ ಪಾಲಿಸಿ ಅಂತ ಎರಡು ಹೆಡರ್ ಕಳಿಸ್ಲೇಬೇಕು. ಬಂದಿದ್ಯಾ ಅಂತ ನೋಡೋಕೆ ಕನ್ಸೋಲ್‌ನಲ್ಲಿ 'ಕ್ರಾಸ್‌ಆರಿಜಿನ್‌ಐಸೊಲೇಟೆಡ್' ಅಂತ ಹೊಡೀರಿ, ಟ್ರೂ ಬರ್ಬೇಕು. ಮೇನ್‌ನಲ್ಲಿ ಥ್ರೆಡ್ ಮಾಡಿ ತಕ್ಷಣ ಜಾಯಿನ್ ಮಾಡಿದ್ರೆ ಸಿಕ್ಕಾಕೊಳ್ಳತ್ತೆ, ಮೇನ್ ಕೈ ಬಿಡೋವರೆಗೂ ಹೊಸ ವರ್ಕರ್ ಶುರು ಆಗಲ್ಲ, ಮೇನ್ ಅದು ಮುಗಿಯೋವರೆಗೂ ಕೈ ಬಿಡಲ್ಲ. 'ಪಿಥ್ರೆಡ್ ಪೂಲ್ ಸೈಜ್' ಕೊಟ್ಟು ವರ್ಕರ್‌ಗಳನ್ನ ಮೊದಲೇ ರೆಡಿ ಇಟ್ಕೊಳೋದು ಒಂದು ದಾರಿ.

ಸ್ಪೀಡ್ ಅಳೆಯೋವಾಗ ಒಂದು ಮಾತು, ಡೆವ್‌ಟೂಲ್ಸ್ ತೆಗೆದಿದ್ರೆ ಕ್ರೋಮ್ ವ್ಯಾಸ್ಮ್ ಕೋಡನ್ನ ಆಪ್ಟಿಮೈಸ್ ಮಾಡದ ರೂಪಕ್ಕೆ ಇಳಿಸತ್ತೆ, ಅಲ್ಲಿ ಕಂಡ ನಿಧಾನಕ್ಕೆ ಅರ್ಥ ಇಲ್ಲ. ಪರ್ಫಾರ್ಮೆನ್ಸ್ ಪ್ಯಾನೆಲ್‌ನಲ್ಲಿ ರೆಕಾರ್ಡ್ ಮಾಡಿ, ಇಲ್ಲ ಡೆವ್‌ಟೂಲ್ಸ್ ಮುಚ್ಚಿ ಪೇಜಲ್ಲೇ ಟೈಮ್ ಪ್ರಿಂಟ್ ಮಾಡಿ.

ರಿಲೀಸ್‌ಗೆ '-ಓ2' ಇಲ್ಲ '-ಓ3', ಅಸರ್ಷನ್ಸ್ ಆಫ್. ಆದ್ರೆ ಯೂಸರ್ ಕಡೆಯಿಂದ ಬರೋ ಕ್ರ್ಯಾಶ್‌ನಲ್ಲಿ ಫಂಕ್ಷನ್ ಹೆಸರೇ ಇರಲ್ಲ, 'ವ್ಯಾಸ್ಮ್-ಫಂಕ್ಷನ್ 213' ಅಂತ ನಂಬರ್ ಮಾತ್ರ. ಅದಕ್ಕೆ ಬಿಲ್ಡ್ ಮಾಡುವಾಗಲೇ '--ಎಮಿಟ್-ಸಿಂಬಲ್-ಮ್ಯಾಪ್' ಹಾಕಿ, ಯಾವ ನಂಬರ್ ಯಾವ ಫಂಕ್ಷನ್ ಅಂತ ಒಂದು ಪಟ್ಟಿ ಬೇರೆ ಫೈಲ್‌ನಲ್ಲಿ ಬರತ್ತೆ, ಅದನ್ನ ಸರ್ವರ್‌ಗೆ ಹಾಕ್ಬೇಡಿ, ಆ ವರ್ಷನ್ ನಂಬರ್ ಹೆಸರಲ್ಲಿ ನಿಮ್ಮ ಹತ್ರ ಇಟ್ಕೊಳಿ. ಮುಂದಿನ ಬಿಲ್ಡ್‌ನಲ್ಲಿ 213 ಬೇರೆ ಯಾವ್ದೋ ಫಂಕ್ಷನ್ ಆಗಿರತ್ತೆ, ನಾನು ಒಂದ್ಸಲ ಹಳೇ ಪಟ್ಟಿ ಹಿಡ್ಕೊಂಡು ಒಂದು ಪಾಪದ ಸಾರ್ಟಿಂಗ್ ಫಂಕ್ಷನ್‌ನ ಅರ್ಧ ದಿನ ಬೈದಿದೀನಿ.